ಮರಿ ಉಳಿಯಬೇಕು: ಬೆಟ್ಟದ ಗೊರಿಲ್ಲಾಗಳ ಸಂಸಾರ

1978ರ ನವೆಂಬರ್ ತಿಂಗಳಲ್ಲಿ ನಡೆದ ಒಂದು ಘಟನೆಯಿಂದ ಶುರು ಮಾಡುತ್ತೇನೆ. ರುವಾಂಡಾದ ವಿರುಂಗಾ ಬೆಟ್ಟಸಾಲಿನಲ್ಲಿ ಕರಿಸಿಂಬಿ, ಬಿಸೋಕೆ ಎಂಬ ಎರಡು ಅಗ್ನಿಪರ್ವತಗಳಿವೆ. ಅವುಗಳ ನಡುವಿನ ಎತ್ತರದ ಕಾಡಿನಲ್ಲಿ ಗೊರಿಲ್ಲಾ ಸಂಶೋಧಕಿ ಡಯಾನ್ ಫಾಸಿ 1967ರಲ್ಲಿ ಕರಿಸೋಕೆ ಎಂಬ ಸಂಶೋಧನಾ ಶಿಬಿರ ಕಟ್ಟಿದರು. ಶಿಬಿರದವರು ದಿನವೂ ನೋಡುತ್ತಿದ್ದ ಒಂದು ಗುಂಪಿನಲ್ಲಿ ಪಕ್ ಎಂಬ ಎಳೆಯ ಗೊರಿಲ್ಲಾ ಇತ್ತು. ಚಿಕ್ಕಂದಿನಿಂದ ಕಣ್ಣೆದುರೇ ಬೆಳೆದ ಪ್ರಾಣಿ. ಅದನ್ನು ಎಲ್ಲರೂ ಗಂಡು ಎಂದೇ ತಿಳಿದಿದ್ದರು. ಒಂದು ದಿನ ನೋಡಿದರೆ ಪಕ್‌ನ ಎದೆಗೆ ಒಂದು ಹಸುಗೂಸು ಅಂಟಿಕೊಂಡಿದೆ! ಫಾಸಿ ಅವರ ಬಾಯಿಂದ ಹೊರಟ ಮಾತು, ‘ಇರಲಾರದು’ ಎಂದು. ಇಂಗ್ಲಿಷಿನ ಆ ಉದ್ಗಾರವೇ ಮರಿಯ ಹೆಸರಾಯಿತು: ಕಾಂಟ್ಸ್‌ಬೀ. ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಿ, ಕೊನೆಯಲ್ಲಿ ಇವನು ಮತ್ತೆ ಬರುತ್ತಾನೆ.

ವರ್ಷಗಟ್ಟಲೆ ಹತ್ತಿರದಿಂದ ಕಂಡವರಿಗೂ ಹೆಣ್ಣೋ ಗಂಡೋ ತಿಳಿಯಲಿಲ್ಲ ಎಂದರೆ ಆಶ್ಚರ್ಯಪಡಬೇಡಿ. ಬೆಟ್ಟದ ಗೊರಿಲ್ಲಾದ ಮೈತುಂಬ ಉದ್ದನೆಯ ದಟ್ಟ ಕೂದಲು. ವಿರುಂಗಾದ ಎರಡೂವರೆ ಸಾವಿರದಿಂದ ನಾಲ್ಕು ಸಾವಿರ ಮೀಟರ್ ಎತ್ತರದ ಚಳಿ, ಮಂಜು, ಮಳೆ ತಡೆಯಲು ಅದು ಬೇಕೇ ಬೇಕು. ಎಳೆಯ ವಯಸ್ಸಿನಲ್ಲಿ ಗಂಡು ಹೆಣ್ಣುಗಳ ಗಾತ್ರ ಒಂದೇ, ನಡೆನುಡಿಯೂ ಹೆಚ್ಚುಕಡಿಮೆ ಒಂದೇ. ಚಿಂಪಾಂಜಿಯ ಹೆಣ್ಣಿಗೆ ಬೆದೆ ಬಂದರೆ ಹಿಂಭಾಗ ಗುಲಾಬಿ ಬಣ್ಣಕ್ಕೆ ಊದಿಕೊಂಡು ದೂರದಿಂದಲೇ ಕಾಣುತ್ತದೆ. ಗೊರಿಲ್ಲಾ ಹೆಣ್ಣಿನಲ್ಲಿ ಅಂಥ ಹೊರಗುರುತು ಇಲ್ಲವೆಂದರೂ ಆದೀತು. ಬೆದೆ ಬಂದದ್ದು ಗೊತ್ತಾಗುವುದು ಅವಳ ನಡವಳಿಕೆಯಿಂದ ಮಾತ್ರ. ನಾನು ಅವಳು, ಅವನು ಎಂದೇ ಮಾತಾಡುತ್ತೇನೆ. ಇವುಗಳ ಬಗ್ಗೆ ಓದುತ್ತಾ ಹೋದಂತೆ ‘ಅದು’ ಎನ್ನಲು ನನ್ನ ನಾಲಿಗೆ ಹೊರಳುವುದು ನಿಂತುಹೋಗಿದೆ.

ಬೆಟ್ಟದ ಗೊರಿಲ್ಲಾಗಳು ಇರುವುದು ಭೂಮಿಯ ಮೇಲೆ ಎರಡೇ ಕಾಡುಗಳಲ್ಲಿ. ಒಂದು, ರುವಾಂಡಾ, ಉಗಾಂಡಾ, ಕಾಂಗೋ ಮೂರೂ ದೇಶಗಳ ಗಡಿ ಕೂಡುವ ವಿರುಂಗಾ. ಇನ್ನೊಂದು, ಅದಕ್ಕೆ ಉತ್ತರದಲ್ಲಿರುವ ಉಗಾಂಡಾದ ಬ್ವಿಂಡಿ. ಹೊರಜಗತ್ತಿನ ವಿಜ್ಞಾನಕ್ಕೆ ಇವು ಇವೆ ಎಂದು ಗೊತ್ತಾದದ್ದೇ 1902ರಲ್ಲಿ. ಮೃಗಾಲಯಗಳಲ್ಲಿ ನೀವು ನೋಡುವ ಗೊರಿಲ್ಲಾಗಳು ಇವಲ್ಲ, ಹೆಚ್ಚುಕಡಿಮೆ ಎಲ್ಲವೂ ಪಶ್ಚಿಮದ ತಗ್ಗುನಾಡಿನ ಬೇರೆ ಜಾತಿಯವು. ಆದ್ದರಿಂದ ಬೆಟ್ಟದ ಗೊರಿಲ್ಲಾಗಳು ಕೂಡುವುದು, ಹೆರುವುದು, ಮಕ್ಕಳನ್ನು ಸಾಕುವುದು ಇವುಗಳ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಕೆಸರು ತುಳಿದುಕೊಂಡು, ತುರಿಕೆ ಗಿಡಗಳ ನಡುವೆ ಕೂತು, ದಿನಕ್ಕೆ ಕೆಲವು ಗಂಟೆಗಳಂತೆ ಐವತ್ತಕ್ಕೂ ಹೆಚ್ಚು ವರ್ಷ ಬರೆದಿಟ್ಟ ಟಿಪ್ಪಣಿಗಳಿಂದ ಬಂದದ್ದು. ಅಜ್ಜಿ, ತಾಯಿ, ಮಗಳು, ಮೊಮ್ಮಗಳು ಎಂದು ವಂಶಾವಳಿ ಬರೆಯುವಷ್ಟು ದೀರ್ಘವಾದ ದಾಖಲೆ ಅದು.

ಸಾಮಾನ್ಯವಾಗಿ ಇವುಗಳ ಮಾತು ಬಂದರೆ ಎದೆ ಬಡಿದುಕೊಳ್ಳುವ ಗಂಡೇ ಮುಂದೆ ಬಂದು ನಿಲ್ಲುತ್ತಾನೆ. ಅವನದು ರಾಜ್ಯ, ಉಳಿದವರೆಲ್ಲ ಅವನ ಅಂತಃಪುರ ಎನ್ನುವ ಚಿತ್ರ. ಇವತ್ತು ನಾನು ಹೇಳಬೇಕೆಂದಿರುವುದು ಬೇರೆ. ಈ ಪ್ರಾಣಿಯ ಸಂಸಾರದಲ್ಲಿ ಯಾರು ಯಾರೊಂದಿಗೆ ಕೂಡುತ್ತಾರೆ ಎನ್ನುವುದು ಅರ್ಧ ಪ್ರಶ್ನೆ. ಹುಟ್ಟಿದ ಮರಿಯನ್ನು ಮೂರು ನಾಲ್ಕು ವರ್ಷ ಯಾರು ಕಾಪಾಡಿಕೊಡುತ್ತಾರೆ ಎನ್ನುವುದೇ ಪೂರ್ತಿ ಪ್ರಶ್ನೆ. ಹೆಣ್ಣಿನ ಪ್ರತಿ ಹೆಜ್ಜೆಯೂ ಆ ಪ್ರಶ್ನೆಯನ್ನು ಹಿಡಿದೇ ನಡೆಯುತ್ತದೆ.

ಮೊದಲು ಗಂಡಿನ ಮೈಯನ್ನೇ ನೋಡೋಣ. ಎಂಟು ವರ್ಷದಿಂದ ಹನ್ನೆರಡರ ತನಕ ಅವನು ಕಪ್ಪುಬೆನ್ನಿನ ಹುಡುಗ. ಹನ್ನೆರಡು ದಾಟುತ್ತಿದ್ದಂತೆ ಬೆನ್ನಿನ ಮೇಲೆ ಜೀನು ಹಾಕಿದ ಹಾಗೆ ಬೆಳ್ಳಿಯ ಬಣ್ಣದ ಕೂದಲು ಮೂಡುತ್ತದೆ. ಇವನೇ ಸಿಲ್ವರ್‌ಬ್ಯಾಕ್. ನಾನು ಬೆಳ್ಳಿಬೆನ್ನಿನವನು ಎನ್ನುತ್ತೇನೆ. ತೂಕದಲ್ಲಿ ಹೆಣ್ಣಿನ ಸುಮಾರು ಎರಡರಷ್ಟು. ನೆತ್ತಿಯ ಮೇಲೆ ಎದ್ದುಕಾಣುವ ಏಣು, ಬಾಯಲ್ಲಿ ಉದ್ದನೆಯ ಕೋರೆಹಲ್ಲು. ಇಷ್ಟು ದೊಡ್ಡ ಪ್ರಾಣಿಯ ವೃಷಣಗಳು ಮಾತ್ರ ತೀರಾ ಚಿಕ್ಕವು. ಎರಡೂ ಸೇರಿ ಸುಮಾರು 30 ಗ್ರಾಂ. ಅವನ ಮೂರನೇ ಒಂದು ಭಾಗವೂ ತೂಗದ ಚಿಂಪಾಂಜಿಯಲ್ಲಿ ಅದು 120 ಗ್ರಾಂ ಹತ್ತಿರ. ಚಿಂಪಾಂಜಿಗಳಲ್ಲಿ ಒಂದು ಹೆಣ್ಣನ್ನು ಒಂದೇ ಬೆದೆಯಲ್ಲಿ ಹಲವು ಗಂಡುಗಳು ಕೂಡುತ್ತವೆ, ಪೈಪೋಟಿ ವೀರ್ಯದ ಮಟ್ಟದಲ್ಲಿ ನಡೆಯುತ್ತದೆ. ಗೊರಿಲ್ಲಾದಲ್ಲಿ ಪೈಪೋಟಿ ಅದಕ್ಕಿಂತ ಮುಂಚೆಯೇ, ಮೈಗೆ ಮೈ ಕೊಟ್ಟು ಮುಗಿದಿರುತ್ತದೆ. ಗೆದ್ದವನು ಹೆಣ್ಣುಗಳ ಜೊತೆಯಲ್ಲಿ ಬಾಳುತ್ತಾನೆ, ಹಾಗಾಗಿ ಅವನಿಗೆ ದೊಡ್ಡ ಮೈ ಬೇಕು, ದೊಡ್ಡ ವೃಷಣ ಬೇಡ.

ಎದೆ ಬಡಿತದ ಬಗ್ಗೆಯೂ ಒಂದು ಮಾತು. ಅದು ಮುಷ್ಟಿಯಿಂದ ಗುದ್ದುವುದಲ್ಲ. ಅಂಗೈಯನ್ನು ಸ್ವಲ್ಪ ಬಟ್ಟಲಿನ ಹಾಗೆ ಬಾಗಿಸಿ, ಎರಡೂ ಕೈಯಿಂದ ಬೇಗಬೇಗ ಬಡಿಯುವುದು. ಸದ್ದು ಒಂದು ಕಿಲೋಮೀಟರ್ ತನಕ ಕೇಳಿಸುತ್ತದೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆ ಸದ್ದುಗಳನ್ನು ಅಳೆದು ನೋಡಿದರು. ಮೈ ದೊಡ್ಡದಿದ್ದಷ್ಟೂ ಬಡಿತದ ದನಿ ದಪ್ಪ. ದಟ್ಟ ಕಾಡಿನಲ್ಲಿ ಕಣ್ಣಿಗೆ ಕಾಣದಿದ್ದರೂ ಆಚೆ ಇರುವವನು ಎಷ್ಟು ದೊಡ್ಡವನು ಎಂಬ ಸುದ್ದಿ ಹಾಗೆ ತಲುಪುತ್ತದೆ. ಎದುರಾಳಿ ಗಂಡಿಗೆ ಮಾತ್ರವಲ್ಲ, ಹೆಣ್ಣಿಗೂ.

ಇನ್ನು ಕೂಡುವ ವಿಷಯ. ಹೆಣ್ಣಿಗೆ ಬೆದೆ ಸುಮಾರು 28 ದಿನಗಳಿಗೊಮ್ಮೆ ಬರುತ್ತದೆ, ಒಂದರಿಂದ ಮೂರು ದಿನ ಇರುತ್ತದೆ. ಇಂಥ ಋತು ಎಂಬುದಿಲ್ಲ, ವರ್ಷದ ಯಾವ ತಿಂಗಳಲ್ಲಾದರೂ ಸರಿ. ಹೆಚ್ಚಿನ ಸಲ ಮೊದಲು ಹೆಜ್ಜೆ ಇಡುವವಳು ಅವಳೇ. ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮಧ್ಯಾಹ್ನದ ವಿರಾಮದ ಹೊತ್ತು ಎಂದುಕೊಳ್ಳಿ. ಬೆಳ್ಳಿಬೆನ್ನಿನವನು ಕಾಡುಸೆಲೆರಿಯ ದಂಟು ಸಿಪ್ಪೆ ಸುಲಿದು ತಿನ್ನುತ್ತಾ ಕೂತಿದ್ದಾನೆ. ಅವಳು ಬರುತ್ತಾಳೆ. ನೆಟ್ಟಗೆ ಬರುವುದಿಲ್ಲ. ನಾಲ್ಕು ಹೆಜ್ಜೆ, ಒಂದು ನಿಲುಗಡೆ. ತುಟಿಗಳನ್ನು ಒಳಗೆ ಬಿಗಿಹಿಡಿದಿದ್ದಾಳೆ. ಮುಖ ಅವನತ್ತ, ಕಣ್ಣು ಕದಲದ ಹಾಗೆ. ಬೇರೆ ದಿನಗಳಲ್ಲಿ ಗೊರಿಲ್ಲಾಗಳು ಹೀಗೆ ದಿಟ್ಟಿಸುವುದಿಲ್ಲ, ದಿಟ್ಟಿಸಿದರೆ ಜಗಳಕ್ಕೆ ಕರೆದಂತೆ. ಇವನು ತಿನ್ನುತ್ತಲೇ ಇದ್ದರೆ ಅವಳು ಇನ್ನೂ ಹತ್ತಿರ ಬಂದು ಕೈ ಚಾಚಿ ಮುಟ್ಟುತ್ತಾಳೆ, ಇಲ್ಲವೇ ನೆಲವನ್ನು ಅಂಗೈಯಿಂದ ಒಮ್ಮೆ ಬಡಿಯುತ್ತಾಳೆ. ಅವನು ದಂಟು ಬಿಟ್ಟು ಎದ್ದರೆ ಅವಳು ಬೆನ್ನು ತಿರುಗಿಸಿ ಬಾಗುತ್ತಾಳೆ. ಅವನು ಹಿಂದಿನಿಂದ ಅವಳ ಸೊಂಟ ಹಿಡಿಯುತ್ತಾನೆ. ಎದುರುಬದುರಾಗಿ ಕೂಡುವುದೂ ಅಪರೂಪಕ್ಕೆ ದಾಖಲಾಗಿದೆ. ತಗ್ಗಿದ ದನಿಯ ಗುರುಗುಟ್ಟುವ ಸದ್ದು ಕೇಳುತ್ತದೆ. ಬಹಳ ಹೊತ್ತಿನ ಕೆಲಸವಲ್ಲ, ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ ಇಬ್ಬರೂ ಮತ್ತೆ ತಿನ್ನಲು ಕೂರುತ್ತಾರೆ.

ಗಬ್ಬವಾದ ಮೇಲೂ ಕೆಲವು ಹೆಣ್ಣುಗಳು ಅವನನ್ನು ಕರೆಯುವುದುಂಟು. ಗರ್ಭ ಕಟ್ಟಲು ಅದರಿಂದ ಪ್ರಯೋಜನವಿಲ್ಲವಲ್ಲ, ಮತ್ತೇಕೆ ಎಂದು ಸಂಶೋಧಕರು ತಲೆ ಕೆಡಿಸಿಕೊಂಡಿದ್ದಾರೆ. ಗುಂಪಿನಲ್ಲಿ ಇತರ ಹೆಣ್ಣುಗಳೂ ಇರುತ್ತಾರೆ, ಅವನ ಗಮನ ತನ್ನ ಕಡೆಗೇ ಇರಲಿ ಎಂಬ ಪೈಪೋಟಿ ಇದರ ಹಿಂದಿರಬಹುದು ಎಂಬುದು ಒಂದು ವಿವರಣೆ. ನನಗೆ ಅದು ಸರಿಯೆನಿಸುತ್ತದೆ. ಕಾಪಾಡುವವನ ಜೊತೆಗಿನ ನಂಟು ಗರ್ಭ ನಿಂತ ದಿನಕ್ಕೆ ಮುಗಿಯುವುದಲ್ಲ.

ಒಂದು ಗುಂಪಿನಲ್ಲಿ ಒಬ್ಬನೇ ಬೆಳ್ಳಿಬೆನ್ನಿನವನು ಇರಬೇಕೆಂದೇನೂ ಇಲ್ಲ. ಸರಾಸರಿ ಗುಂಪು ಹತ್ತರ ಆಸುಪಾಸಿನದು. ವಿರುಂಗಾದ ಗುಂಪುಗಳಲ್ಲಿ ಎಷ್ಟೋ ಕಡೆ ಇಬ್ಬರು, ಮೂವರು, ಇನ್ನೂ ಹೆಚ್ಚು ಬೆಳೆದ ಗಂಡುಗಳು ಒಟ್ಟಿಗಿರುತ್ತಾರೆ. ತಂದೆ ಮಗ, ಅಣ್ಣ ತಮ್ಮ ಹೀಗೆ. ಮಲದಲ್ಲಿ ಸಿಗುವ ಡಿಎನ್‌ಎ ತೆಗೆದು ಮರಿಗಳ ತಂದೆ ಯಾರೆಂದು ಪರೀಕ್ಷಿಸಿದಾಗ, ಇಂಥ ಗುಂಪುಗಳಲ್ಲೂ ಮರಿಗಳಲ್ಲಿ ಬಹುಪಾಲು ಮುಖಂಡನದೇ ಎಂದು ಗೊತ್ತಾಯಿತು. 2005ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಅವನ ಪಾಲು ಸರಾಸರಿ 85 ಶೇಕಡಾ ಇತ್ತು. ಉಳಿದದ್ದು ಎರಡನೆಯವನದು. ಅವನು ಹೆಣ್ಣನ್ನು ಕೂಡುವುದು ಪೊದೆಯ ಮರೆಯಲ್ಲಿ, ಸದ್ದಿಲ್ಲದೆ. ಮುಖಂಡನ ಕಣ್ಣಿಗೆ ಬಿದ್ದರೆ ಅವನು ಎದ್ದು ಬಂದು ತಡೆಯುತ್ತಾನೆ.

ಹಾಗಾದರೆ ಎರಡನೆಯವನು ಏಕೆ ಇರುತ್ತಾನೆ? ಬೆಳೆದ ಗಂಡುಗಳಲ್ಲಿ ಸುಮಾರು ಅರ್ಧದಷ್ಟು ಗುಂಪು ಬಿಟ್ಟು ಹೋಗುತ್ತಾರೆ, ವರ್ಷಗಟ್ಟಲೆ ಒಂಟಿಯಾಗಿ ಅಲೆಯುತ್ತಾರೆ, ಯಾವುದಾದರೂ ಹೆಣ್ಣು ತನ್ನ ಹಿಂದೆ ಬರಲಿ ಎಂದು ಬೇರೆ ಗುಂಪುಗಳ ಜಾಡು ಹಿಡಿಯುತ್ತಾರೆ. ಅವರಲ್ಲಿ ಹಲವರಿಗೆ ಹೆಣ್ಣು ಸಿಗುವುದೇ ಇಲ್ಲ. ಉಳಿದ ಅರ್ಧ ಹುಟ್ಟಿದ ಗುಂಪಿನಲ್ಲೇ ತಮ್ಮ ಸರದಿಗೆ ಕಾಯುತ್ತಾರೆ. ಮುದಿ ಮುಖಂಡ ಸತ್ತಾಗ ಅಥವಾ ಸೋತಾಗ ಗುಂಪು ಕೈಗೆ ಬರುತ್ತದೆ. ಕಾಯುವವನಿಗೆ ಇರುವ ಅವಕಾಶ ಅಲೆಯುವವನಿಗಿಂತ ಹೆಚ್ಚು ಎಂದು ದಾಖಲೆಗಳು ಹೇಳುತ್ತವೆ. ಹೆಣ್ಣಿಗೂ ಎರಡು ಗಂಡುಗಳಿರುವ ಗುಂಪು ಅನುಕೂಲ. ಏಕೆಂದು ಈಗ ಹೇಳುತ್ತೇನೆ. ಇದು ಕೇಳಲು ಹಿತವಾದ ಭಾಗವಲ್ಲ.

ಬೇಟೆಯ ಉರುಳು, ರೋಗ, ಚಳಿ ಎಲ್ಲವೂ ಮರಿಗಳನ್ನು ಕೊಲ್ಲುತ್ತವೆ. ಜೊತೆಗೆ ಇನ್ನೊಂದು ಅಪಾಯವಿದೆ, ಹೊರಗಿನ ಬೆಳ್ಳಿಬೆನ್ನಿನವನು. ಹಾಲುಣಿಸುತ್ತಿರುವ ಹೆಣ್ಣಿಗೆ ಬೆದೆ ಬರುವುದಿಲ್ಲ. ಮೂರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಮರಿ ಸತ್ತರೆ ಹಾಲು ನಿಲ್ಲುತ್ತದೆ, ಕೆಲವೇ ತಿಂಗಳಲ್ಲಿ ಅವಳು ಮತ್ತೆ ಬೆದೆಗೆ ಬರುತ್ತಾಳೆ. ಹೊಸ ಗಂಡಿಗೆ ಬೇರೊಬ್ಬನ ಮರಿಯನ್ನು ಕೊಂದರೆ ತನ್ನ ಮರಿಗೆ ದಾರಿ ತೆರೆಯುತ್ತದೆ. ಕರಿಸೋಕೆಯ ಮೊದಲ ಎರಡು ದಶಕಗಳ ದಾಖಲೆಯಲ್ಲಿ ಸತ್ತ ಎಳೆಯ ಮರಿಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಹೀಗೆ ಗಂಡುಗಳ ಕೈಯಲ್ಲಿ ಸತ್ತವು ಎಂದು ಲೆಕ್ಕ ಹಾಕಲಾಗಿತ್ತು. ಕಾಪಾಡುವವನು ಸತ್ತ ಗುಂಪಿನಲ್ಲಿ ಹಾಲು ಕುಡಿಯುವ ಮರಿ ಉಳಿಯುವುದು ಕಷ್ಟ. ಇನ್ನೊಬ್ಬ ಬೆಳ್ಳಿಬೆನ್ನಿನವನು ಅಲ್ಲೇ ಇದ್ದರೆ ಗುಂಪು ಒಡೆಯುವುದಿಲ್ಲ, ಹೊರಗಿನವನು ಒಳಗೆ ಬರುವುದಿಲ್ಲ.

ಟೈಟಸ್ ಎಂಬ ಗಂಡು ಗೊರಿಲ್ಲಾದ ಬಾಲ್ಯ ಇದಕ್ಕೆ ಉದಾಹರಣೆ. ಅವನು 1974ರಲ್ಲಿ ಹುಟ್ಟಿದವನು. 1978ರಲ್ಲಿ ಕಳ್ಳಬೇಟೆಗಾರರು ಅವನ ಗುಂಪಿನ ಮುಖಂಡ ಅಂಕಲ್ ಬರ್ಟ್‌ನನ್ನು ಗುಂಡಿಟ್ಟು ಕೊಂದರು. ಕೆಲವೇ ವಾರಗಳಲ್ಲಿ ಬೀಟ್ಸ್‌ಮೀ ಎಂಬ ಎಳೆಯ ಗಂಡು ಟೈಟಸ್‌ನ ಹಸುಗೂಸು ತಂಗಿಯನ್ನು ಕೊಂದ. ತಾಯಿ ಫ್ಲಾಸಿ ಗುಂಪು ಬಿಟ್ಟು ಬೇರೆ ಗಂಡಿನ ಬಳಿ ಹೋದಳು. ನಾಲ್ಕು ವರ್ಷದ ಟೈಟಸ್ ಹಿಂದುಳಿದ. ಹಾಲು ಬಿಟ್ಟಿದ್ದರೂ ಇನ್ನೂ ಮಗುವೇ. ಅವನನ್ನು ರಾತ್ರಿ ಬೆಚ್ಚಗಿಟ್ಟುಕೊಂಡವರು ಯಾರು? ಗುಂಪಿನಲ್ಲಿ ಉಳಿದ ಗಂಡುಗಳು. ಬೀಟ್ಸ್‌ಮೀ ಇದ್ದ ಗುಂಪಿನಲ್ಲೇ ಟೈಟಸ್ ಬೆಳೆದ, ಬಲಿತ, ಮುಂದೆ ಅದರ ಮುಖಂಡನಾದ, 2009ರಲ್ಲಿ 35 ವರ್ಷದವನಾಗಿ ಸತ್ತ. ಒಂದು ಕೂಸನ್ನು ಕೊಂದ ಗುಂಪಿನಲ್ಲೇ ಇನ್ನೊಂದು ಮಗು ಮಡಿಲು ಕಂಡಿತು. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಕ್ರೂರ ಪ್ರಾಣಿ, ಸಾಧು ಪ್ರಾಣಿ ಎಂಬ ನಮ್ಮ ಎರಡು ಡಬ್ಬಿಗಳಲ್ಲಿ ಯಾವುದಕ್ಕೂ ಇದು ಸೇರುವುದಿಲ್ಲ.

ಹೆಣ್ಣಿನ ಕೈಯಲ್ಲಿರುವ ಆಯ್ಕೆ ಏನು? ಜಗಳವಾಡಿ ಗೆಲ್ಲುವಷ್ಟು ದೊಡ್ಡ ಮೈ ಅವಳದಲ್ಲ. ಅವಳಿಗಿರುವುದು ಕಾಲು. ಅವಳು ಗಂಡು ಬದಲಾಯಿಸಬಲ್ಲಳು. ಅದೂ ಒಂದೇ ಸಲವಲ್ಲ, ಬಾಳಿನಲ್ಲಿ ಹಲವು ಸಲ ಗುಂಪು ಬದಲಿಸಿದ ಹೆಣ್ಣುಗಳಿದ್ದಾರೆ. ಆದರೆ ಒಂಟಿಯಾಗಿ ಕಾಡಿನಲ್ಲಿ ಅಲೆಯುವುದಿಲ್ಲ. ಎರಡು ಗುಂಪುಗಳು ಎದುರಾಗುವ ತನಕ ಕಾಯುತ್ತಾಳೆ. ಎರಡೂ ಕಡೆಯ ಬೆಳ್ಳಿಬೆನ್ನಿನವರು ಕೂದಲು ನಿಮಿರಿಸಿಕೊಂಡು, ಕೈಕಾಲು ಬಿಗಿಯಾಗಿಟ್ಟು ಅಡ್ಡಡ್ಡ ನಡೆಯುತ್ತಾ, ಗಿಡ ಕಿತ್ತೆಸೆಯುತ್ತಾ, ಎದೆ ಬಡಿಯುತ್ತಾ ಇರುತ್ತಾರೆ. ಆ ಗದ್ದಲದ ನಡುವೆ ಒಂದು ಹೆಣ್ಣು ಈ ಕಡೆಯಿಂದ ಆ ಕಡೆಗೆ ನಡೆದುಬಿಡುತ್ತಾಳೆ. ಹಳೆಯವನು ಅವಳ ದಾರಿಗೆ ಅಡ್ಡ ಹೋಗಿ ಹಿಂದಕ್ಕೆ ಅಟ್ಟಲು ನೋಡುತ್ತಾನೆ. ಅವಳು ಮನಸ್ಸು ಮಾಡಿದ್ದರೆ ಹೋಗಿಯೇ ತೀರುತ್ತಾಳೆ.

ಯಾವಾಗ ಹೋಗುತ್ತಾಳೆ ಎನ್ನುವುದನ್ನು ಗಮನಿಸಿ. ಎದೆಯಲ್ಲಿ ಹಾಲು ಕುಡಿಯುವ ಮರಿ ಇರುವಾಗ ಸಾಮಾನ್ಯವಾಗಿ ಹೋಗುವುದಿಲ್ಲ, ಅಲ್ಲಿ ಹೊಸ ಗಂಡಿನ ಭಯ. ಮರಿ ಇಲ್ಲದಾಗ, ಅಥವಾ ಮರಿಯನ್ನು ಕಳೆದುಕೊಂಡ ಮೇಲೆ ಹೋಗುತ್ತಾಳೆ. ತನ್ನ ಮಗುವನ್ನು ಕಾಪಾಡಲಾಗದವನ ಬಳಿ ಅವಳು ಉಳಿಯುವುದು ಅಪರೂಪ. ಎಲ್ಲಿಗೆ ಹೋಗುತ್ತಾಳೆ ಎನ್ನುವುದರ ಬಗ್ಗೆ 2025ರಲ್ಲಿ ರುವಾಂಡಾದ ಎರಡು ದಶಕಗಳ ದಾಖಲೆಗಳಿಂದ ಒಂದು ಸೊಗಸಾದ ಸಂಗತಿ ಹೊರಬಂತು. ತಾನು ಒಟ್ಟಿಗೆ ಬೆಳೆದ ಗಂಡುಗಳಿರುವ ಗುಂಪನ್ನು ಅವಳು ತಪ್ಪಿಸುತ್ತಾಳೆ. ಅವರು ಅಣ್ಣತಮ್ಮಂದಿರೋ ತಂದೆಯೋ ಆಗಿರಬಹುದು, ರಕ್ತಸಂಬಂಧದಲ್ಲಿ ಕೂಡುವ ಅಪಾಯ ಅಲ್ಲಿದೆ. ಹಿಂದೆಂದೋ ವರ್ಷಗಟ್ಟಲೆ ಜೊತೆಯಲ್ಲಿ ಬಾಳಿದ ಹೆಣ್ಣು ಇರುವ ಗುಂಪಾದರೆ ಅಲ್ಲಿಗೆ ಹೋಗಲು ಇಷ್ಟಪಡುತ್ತಾಳೆ. ಬಿಟ್ಟು ಹಲವು ವರ್ಷಗಳಾಗಿದ್ದರೂ ಆ ಗೆಳತಿಯ ಗುರುತು ಇರುತ್ತದೆ. ಹೊಸದಾಗಿ ಬಂದವಳನ್ನು ಹಳೆಯ ಹೆಣ್ಣುಗಳು ಕಾಡಿಸುವುದುಂಟು, ಅಲ್ಲಿ ಪರಿಚಯದ ಮುಖ ಒಂದಿದ್ದರೆ ಎಷ್ಟು ಆಸರೆ!

ಈಗ ಹೆರಿಗೆಗೆ ಬರೋಣ. ಹೆಣ್ಣು ಆರೆಂಟು ವರ್ಷಕ್ಕೆ ಮೊದಲ ಸಲ ಬೆದೆಗೆ ಬರುತ್ತಾಳಾದರೂ ಮುಂದೆ ಎರಡು ವರ್ಷದಷ್ಟು ಕಾಲ ಗರ್ಭ ನಿಲ್ಲುವುದಿಲ್ಲ. ಮೊದಲ ಮರಿ ಹುಟ್ಟುವಾಗ ಅವಳಿಗೆ ಸುಮಾರು ಹತ್ತು. ಗರ್ಭದ ಅವಧಿ ಎಂಟೂವರೆ ತಿಂಗಳು. ಗೊರಿಲ್ಲಾದ ಹೊಟ್ಟೆ ಸೊಪ್ಪು ತಿಂದು ಯಾವಾಗಲೂ ದೊಡ್ಡದೇ ಇರುವುದರಿಂದ ಗಬ್ಬವಾದದ್ದು ಹೊರಗಿನಿಂದ ತಿಳಿಯುವುದು ಕಷ್ಟ. ಪಕ್‌ನ ವಿಷಯದಲ್ಲಿ ಆದದ್ದೂ ಇದೇ. ಹೆರಿಗೆ ಹೆಚ್ಚಾಗಿ ರಾತ್ರಿ, ಗೂಡಿನಲ್ಲಿ ಆಗುತ್ತದೆ. ಪ್ರತಿ ಸಂಜೆ ದೊಡ್ಡವರೆಲ್ಲ ತಮ್ಮ ಸುತ್ತಲಿನ ಗಿಡಗಳನ್ನು ಬಾಗಿಸಿ, ತುಳಿದು, ದುಂಡಗೆ ಹಾಸಿಕೊಂಡು ಹೊಸ ಗೂಡು ಮಾಡುತ್ತಾರೆ. ಬೆಳಿಗ್ಗೆ ಬಿಟ್ಟು ಹೋಗುತ್ತಾರೆ. ಸಂಶೋಧಕರು ಆ ಖಾಲಿ ಗೂಡುಗಳನ್ನು ಎಣಿಸಿ, ಅಲ್ಲಿ ಬಿದ್ದ ಮಲದ ಗಾತ್ರ ನೋಡಿ ಗುಂಪಿನ ಗಣತಿ ಮಾಡುತ್ತಾರೆ. ದೊಡ್ಡ ಲದ್ದಿಯ ಪಕ್ಕ ಪುಟ್ಟದೊಂದು ಕಂಡರೆ ತಾಯಿ ಮಗು ಒಟ್ಟಿಗೆ ಮಲಗಿದ್ದರು ಎಂದರ್ಥ.

ಹುಟ್ಟಿದ ಕೂಸು ಎರಡು ಕಿಲೋ ಇದ್ದರೆ ಹೆಚ್ಚು. ಎರಡು ಲೀಟರ್ ನೀರಿನ ಬಾಟಲಿಯನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ, ಅಷ್ಟೇ ತೂಕ. ತಾಯಿ ಅದರ ನಲವತ್ತು ಐವತ್ತು ಪಟ್ಟು ತೂಗುತ್ತಾಳೆ, ತಂದೆ ಎಂಬತ್ತು ಪಟ್ಟಾದರೂ. ಚರ್ಮ ಬೂದುಗುಲಾಬಿ, ಮೈಮೇಲೆ ತೆಳು ಕೂದಲು, ಕಣ್ಣು ನೆಲೆಗೊಂಡಿರುವುದಿಲ್ಲ. ಮೊದಲ ವಾರಗಳಲ್ಲಿ ತಾಯಿಯ ಕೂದಲು ಹಿಡಿಯುವ ಬಲವೂ ಪೂರ್ತಿ ಇರುವುದಿಲ್ಲ, ಆದ್ದರಿಂದ ಅವಳು ಒಂದು ಕೈಯಿಂದ ಅದನ್ನು ಎದೆಗೆ ಒತ್ತಿಕೊಂಡು ಮೂರು ಕಾಲಿನಲ್ಲಿ ನಡೆಯುತ್ತಾಳೆ. ನಿಮ್ಮ ಕೈಬೆರಳುಗಳನ್ನು ಒಳಕ್ಕೆ ಮಡಚಿ ಗೆಣ್ಣುಗಳ ಮೇಲೆ ಭಾರ ಹಾಕಿ ನೋಡಿ. ಗೊರಿಲ್ಲಾ ನಡೆಯುವುದು ಹಾಗೆ. ಅದರಲ್ಲಿ ಒಂದು ಕೈ ಕಡಿಮೆ. ಕೆಸರಿನ ಇಳಿಜಾರು, ಮೇಲೆ ಮಳೆ. ಮಳೆ ಬಂದರೆ ಅವಳು ಬೆನ್ನು ಬಾಗಿಸಿ, ತೋಳು ಮಡಚಿ, ಕೂಸು ಹೊರಗೆ ಕಾಣದ ಹಾಗೆ ಮುದುಡಿ ಕೂರುತ್ತಾಳೆ. ಅವಳ ಬೆನ್ನ ಮೇಲಿನ ಕೂದಲಿನಿಂದ ನೀರು ಧಾರೆಯಾಗಿ ಇಳಿಯುತ್ತಿರುತ್ತದೆ, ಒಳಗೆ ಎದೆಯ ಬಳಿ ಒಂದು ಅಂಗೈ ಅಗಲದ ಜಾಗ ಮಾತ್ರ ಒಣಗಿರುತ್ತದೆ.

ನಾಲ್ಕು ತಿಂಗಳ ಹೊತ್ತಿಗೆ ಮರಿ ಹೊಟ್ಟೆಯಿಂದ ಬೆನ್ನಿಗೆ ಏರುತ್ತದೆ. ತಾಯಿ ತಿಂದು ಬಿಸುಟ ದಂಟು ಎಳೆದು ಬಾಯಿಗೆ ಹಾಕಿಕೊಳ್ಳುವುದೂ ಹೆಚ್ಚುಕಡಿಮೆ ಆಗಲೇ ಶುರು. ನುಂಗುವುದು ಕಡಿಮೆ, ಚೀಪುವುದು ಹೆಚ್ಚು. ಇದೇ ಅದರ ಶಾಲೆ. ಮುಳ್ಳುಗಿಡ, ತುರಿಕೆ ಸೊಪ್ಪು, ಕಾಡುಸೆಲೆರಿ, ಬಿದಿರ ಕಳಲೆ ಪ್ರತಿಯೊಂದಕ್ಕೂ ತಿನ್ನುವ ವಿಧಾನ ಬೇರೆ. ತುರಿಕೆ ಎಲೆಯನ್ನು ದಂಟಿನಿಂದ ಸೋಸಿ ತೆಗೆದು, ಚುಚ್ಚುವ ಅಂಚು ಒಳಕ್ಕೆ ಹೋಗುವಂತೆ ಮಡಚಿ, ಆಮೇಲೆ ಬಾಯಿಗಿಡಬೇಕು. ಇಲ್ಲದಿದ್ದರೆ ತುಟಿ ಉರಿಯುತ್ತದೆ. ಮರಿಗೆ ಇದು ಕೈಹತ್ತಲು ವರ್ಷಗಳೇ ಬೇಕು. ಹಿಂಭಾಗದಲ್ಲಿ ಒಂದು ಬಿಳಿ ಕೂದಲ ಗೊಂಚಲು ಮೂರು ನಾಲ್ಕು ವರ್ಷದ ತನಕ ಇರುತ್ತದೆ. ಹಸಿರು ಕತ್ತಲೆಯಲ್ಲಿ ಮಗು ಎಲ್ಲಿದೆ ಎಂದು ತಾಯಿಗೆ ಕಾಣಲು ಅದು ನೆರವಾಗುತ್ತಿರಬೇಕು. ಆ ಗೊಂಚಲು ಇರುವ ತನಕ ದೊಡ್ಡವರು ಅದರ ತುಂಟಾಟಕ್ಕೆ ಸಿಟ್ಟಾಗುವುದೂ ಕಡಿಮೆ.

ಅವಳಿ ತೀರಾ ಅಪರೂಪ. ಹುಟ್ಟಿದರೂ ಎರಡನ್ನೂ ಹೊತ್ತು, ಎರಡಕ್ಕೂ ಹಾಲು ಕೊಟ್ಟು ಉಳಿಸಿಕೊಳ್ಳುವುದು ಕಾಡಿನ ತಾಯಿಗೆ ಎಷ್ಟು ಕಷ್ಟ ಎಂದು ಮೂರು ಕಾಲಿನ ನಡಿಗೆ ನೆನೆದರೆ ನಿಮಗೇ ತಿಳಿಯುತ್ತದೆ. ಹೀಗಿದ್ದೂ ರುವಾಂಡಾದ ಸೂಸಾ ಗುಂಪಿನಲ್ಲಿ 2004ರಲ್ಲಿ ಹುಟ್ಟಿದ ಅವಳಿಗಳು ಬದುಕಿಕೊಂಡವು. ಅವುಗಳ ಹೆಸರು ಬ್ಯಿಶಿಮೊ, ಇಂಪಾನೊ. ಒಂದಕ್ಕೆ ಸಂತೋಷ, ಇನ್ನೊಂದಕ್ಕೆ ಕಾಣಿಕೆ ಎಂದು ಅರ್ಥ. ಹೆಸರಿನ ಮಾತು ಬಂದದ್ದರಿಂದ ಹೇಳುತ್ತೇನೆ. ರುವಾಂಡಾದಲ್ಲಿ ಕೂಸಿಗೆ ಮನೆಯವರು, ನೆರೆಹೊರೆಯವರು ಸೇರಿ ಹೆಸರಿಡುವ ಹಳೆಯ ಪದ್ಧತಿಯಿದೆ, ಅದಕ್ಕೆ ಕ್ವಿಟಾ ಇಜಿನಾ ಎನ್ನುತ್ತಾರೆ. 2005ರಿಂದ ಅದೇ ಹೆಸರಿನಲ್ಲಿ, ಬೆಟ್ಟದ ಬುಡದ ಕಿನಿಗಿ ಎಂಬಲ್ಲಿ ಗೊರಿಲ್ಲಾ ಮರಿಗಳಿಗೂ ಸಾರ್ವಜನಿಕವಾಗಿ ಹೆಸರಿಡುತ್ತಾರೆ. ಸಾವಿರಾರು ಜನ ಸೇರುತ್ತಾರೆ. ಹೆಸರಿದ್ದ ಮರಿ ಕಾಣೆಯಾದರೆ ಊರಿಗೆ ಗೊತ್ತಾಗುತ್ತದೆ. ಆ ಸಮಾರಂಭದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಅದು.

ಒಬ್ಬರು ಕೇಳಿದರು, ಇಷ್ಟೆಲ್ಲ ತಾಯಿಯೇ ಮಾಡಿದರೆ ತಂದೆಯ ಪಾಲೇನು ಎಂದು. ಮೊದಲ ಆರೇಳು ತಿಂಗಳು ತಂದೆ ಮರಿಯನ್ನು ಮುಟ್ಟುವುದೂ ಕಡಿಮೆ. ಆದರೆ ತಾಯಂದಿರು ಬೇಕೆಂದೇ ಅವನ ಹತ್ತಿರ ಕೂರುತ್ತಾರೆ. ಮರಿ ನಡೆಯಲು ಕಲಿತ ಮೇಲೆ ತಾಯಿ ಅದನ್ನು ಅವನ ಪಕ್ಕದಲ್ಲಿ ಬಿಟ್ಟು ಮೇಯಲು ಹೋಗುತ್ತಾಳೆ. ಆಗ ನೋಡಬೇಕು. ಐದಾರು ಮರಿಗಳು ಆ ದೊಡ್ಡ ಮೈಯ ಮೇಲೆ ಹತ್ತಿ ಇಳಿದು, ಬೆಳ್ಳಿ ಕೂದಲು ಜಗ್ಗಿ, ಹೊಟ್ಟೆಯಿಂದ ಜಾರುತ್ತಿರುತ್ತವೆ. ಪುಟ್ಟ ಕೈಗಳಿಂದ ಎದೆ ಬಡಿದುಕೊಳ್ಳುವ ಅಭ್ಯಾಸವೂ ಅಲ್ಲೇ. ಅವನು ಕಣ್ಣು ಮುಚ್ಚಿ ಮಲಗಿರುತ್ತಾನೆ. ಆಟ ಜೋರಾದರೆ ಒಂದು ಗದರಿಕೆ, ಅಷ್ಟೆ. ತನ್ನ ಮರಿ, ಇನ್ನೊಬ್ಬನ ಮರಿ ಎಂಬ ಭೇದವನ್ನೂ ಅವನು ಮಾಡುವುದು ಕಾಣುವುದಿಲ್ಲ.

ಇದರಿಂದ ಅವನಿಗೇನು ಲಾಭ? 2018ರಲ್ಲಿ ಕರಿಸೋಕೆಯ ದಾಖಲೆಗಳನ್ನು ಇಟ್ಟುಕೊಂಡು 23 ಗಂಡುಗಳ ಲೆಕ್ಕ ತೆಗೆದರು. ಮರಿಗಳ ಜೊತೆ ಹೆಚ್ಚು ಹೊತ್ತು ಕಳೆದವರು, ಅವುಗಳ ಮೈಯಿಂದ ಹೇನು ಹೊಟ್ಟು ಹೆಕ್ಕಿದವರು ಒಂದು ಕಡೆ. ಅತಿ ಕಡಿಮೆ ಮಾಡಿದವರು ಇನ್ನೊಂದು ಕಡೆ. ಮೊದಲನೆಯವರಿಗೆ ಹುಟ್ಟಿದ ಮಕ್ಕಳ ಸಂಖ್ಯೆ ಎರಡನೆಯವರಿಗಿಂತ ಐದು ಪಟ್ಟಿಗೂ ಹೆಚ್ಚು! ವಯಸ್ಸು, ಸ್ಥಾನಮಾನ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಈ ವ್ಯತ್ಯಾಸ ಉಳಿಯಿತು. ಹೆಣ್ಣುಗಳು ಇದನ್ನು ನೋಡುತ್ತಿದ್ದಾರೆ ಎಂಬುದು ಇದಕ್ಕೆ ತೀರಾ ಸರಳವಾದ ವಿವರಣೆ. ಎದೆ ಬಡಿತದ ದಪ್ಪ ದನಿ ಅವರನ್ನು ಒಂದು ಗುಂಪಿಗೆ ಕರೆತರಬಹುದು. ಅಲ್ಲಿ ಉಳಿಸುವುದು ಹೊಟ್ಟೆಯ ಮೇಲೆ ಜಾರಲು ಬಿಡುವ ಆ ತಾಳ್ಮೆ.

ತಾಯಿ ಸತ್ತರೆ ಏನಾಗುತ್ತದೆ ಎಂಬುದಕ್ಕೂ ಉತ್ತರವಿದೆ. ಹಾಲನ್ನೇ ನಂಬಿದ ಎಳೆಗೂಸಾದರೆ ಉಳಿಯುವುದಿಲ್ಲ. 2007ರಲ್ಲಿ ಕಾಂಗೋದ ವಿರುಂಗಾ ಉದ್ಯಾನದಲ್ಲಿ ಗುಂಡೇಟಿಗೆ ಸತ್ತ ತಾಯಿಯ ಮೈಗೆ ಎರಡು ತಿಂಗಳ ಕೂಸೊಂದು ಅಂಟಿಕೊಂಡೇ ಇತ್ತು. ರಕ್ಷಕರು ಎತ್ತಿಕೊಂಡು ಬಂದು ಬಾಟಲಿಯಲ್ಲಿ ಹಾಲು ಕೊಟ್ಟು ಸಾಕಿದರು. ಅವಳೇ ಎನ್‌ಡಕಾಸಿ. ಕಾಡಿಗೆ ಮರಳಲು ಅವಳಿಂದ ಆಗಲಿಲ್ಲ. ಅನಾಥ ಗೊರಿಲ್ಲಾಗಳ ಕೇಂದ್ರದಲ್ಲೇ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿ, 2021ರಲ್ಲಿ ಹದಿನಾಲ್ಕನೆಯ ವಯಸ್ಸಿನಲ್ಲಿ ತನ್ನನ್ನು ಮೊದಲ ದಿನ ಎತ್ತಿಕೊಂಡವರ ಮಡಿಲಿನಲ್ಲೇ ಕೊನೆಯುಸಿರೆಳೆದಳು. ಎರಡು ವರ್ಷ ದಾಟಿದ ಮರಿಗಳ ಕತೆ ಹೀಗಲ್ಲ. ಎರಡರಿಂದ ಎಂಟು ವರ್ಷದೊಳಗೆ ತಾಯಿಯನ್ನು ಕಳೆದುಕೊಂಡ 59 ಮರಿಗಳ ದಾಖಲೆಯನ್ನು 2021ರಲ್ಲಿ ಪರಿಶೀಲಿಸಿದಾಗ, ತಾಯಿ ಇದ್ದವುಗಳಿಗಿಂತ ಅವು ಹೆಚ್ಚು ಸಾಯಲಿಲ್ಲ ಎಂದು ಕಂಡಿತು. ಗುಂಪಿನ ಎಲ್ಲರೊಂದಿಗೆ ಅವುಗಳ ಒಡನಾಟ ಹೆಚ್ಚಿತ್ತು. ಮುಖಂಡನೊಂದಿಗೆ ಎಲ್ಲಕ್ಕಿಂತ ಹೆಚ್ಚು. ರಾತ್ರಿ ತಾಯಿಯ ಗೂಡು ಇಲ್ಲದ ಮರಿ ಬೆಳ್ಳಿಬೆನ್ನಿನವನ ಗೂಡಿಗೆ ಬಂದು ಮಲಗುತ್ತದೆ, ಅವನು ಜಾಗ ಕೊಡುತ್ತಾನೆ.

ಹಾಲು ಬಿಡಿಸುವುದು ಮೂರರಿಂದ ನಾಲ್ಕು ವರ್ಷದ ನಡುವೆ. ಅದು ಸದ್ದಿಲ್ಲದೆ ಆಗುವ ಕೆಲಸವಲ್ಲ. ಮರಿ ಅಳುತ್ತದೆ, ರಂಪ ಮಾಡುತ್ತದೆ, ತಾಯಿ ತೋಳು ಅಡ್ಡ ಹಿಡಿಯುತ್ತಾಳೆ. ಮುಂದಿನ ಕೂಸು ಹುಟ್ಟಿದ ರಾತ್ರಿ ದೊಡ್ಡದು ತನ್ನದೇ ಗೂಡು ಮಾಡಿಕೊಳ್ಳಬೇಕು. ಮೊದಮೊದಲು ಆ ಗೂಡು ತಾಯಿಯ ಗೂಡಿಗೆ ಒತ್ತಿಕೊಂಡೇ ಇರುತ್ತದೆ.

ಈಗ ಸ್ವಲ್ಪ ಲೆಕ್ಕ ಮಾಡಿ. ಹತ್ತು ವರ್ಷಕ್ಕೆ ಮೊದಲ ಹೆರಿಗೆ. ನಾಲ್ಕು ವರ್ಷಕ್ಕೊಂದು ಮರಿ. ಹುಟ್ಟಿದವುಗಳಲ್ಲಿ ನಾಲ್ಕರಲ್ಲಿ ಒಂದಾದರೂ ಮೂರು ವರ್ಷ ತುಂಬುವ ಮುಂಚೆ ಸಾಯುತ್ತದೆ. ಮೂವತ್ತೈದು ವರ್ಷ ಬಾಳಿದ ತಾಯಿ ಬೆಳೆಸಿ ಬಿಟ್ಟುಹೋಗುವುದು ನಾಲ್ಕೈದು ಮಕ್ಕಳನ್ನು. ಬ್ವಿಂಡಿಯಲ್ಲಿ ಕೆಲವು ಮುದಿ ಹೆಣ್ಣುಗಳು ಕೊನೆಯ ಹೆರಿಗೆಯ ನಂತರ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದು ಈಚೆಗೆ ವರದಿಯಾಗಿದೆ. ಇಷ್ಟಾದರೂ ದೊಡ್ಡ ವಾನರಗಳಲ್ಲಿ ಇವೇ ಬೇಗ ಹೆರುವವು. ಚಿಂಪಾಂಜಿಗೆ ಐದಾರು ವರ್ಷಕ್ಕೊಂದು, ಒರಾಂಗುಟಾನ್‌ಗೆ ಏಳೆಂಟು ವರ್ಷಕ್ಕೊಂದು. ಗೊರಿಲ್ಲಾ ತಿನ್ನುವ ಸೊಪ್ಪುಸದೆ ವರ್ಷವಿಡೀ ಸುತ್ತಲೂ ಸಿಗುತ್ತದೆ, ಹಣ್ಣು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಅಷ್ಟು ಸಣ್ಣ ಅನುಕೂಲ ಇವುಗಳನ್ನು ಉಳಿಸಿದೆ. 1981ರಲ್ಲಿ ವಿರುಂಗಾದಲ್ಲಿ 254 ಇದ್ದವು. 2015–16ರ ಗಣತಿಯಲ್ಲಿ 604. ಬ್ವಿಂಡಿಯ 459 ಸೇರಿಸಿದರೆ ಸಾವಿರ ದಾಟುತ್ತದೆ. ಇಷ್ಟು ನಿಧಾನ ಹೆರುವ ಪ್ರಾಣಿ ಇಷ್ಟು ಏರಿದ್ದು ಒಂದೊಂದು ಮರಿಯನ್ನೂ ಕಾದದ್ದರಿಂದ. ದಿನವೂ ಕಾಡಿಗೆ ಹೋಗಿ ಉರುಳು ಕಿತ್ತವರು, ಗಾಯಗೊಂಡ ಮರಿಯ ಕಾಲಿನಿಂದ ತಂತಿ ಬಿಡಿಸಿದ ಪಶುವೈದ್ಯರು ಇವರೆಲ್ಲರ ದುಡಿಮೆ ಅದರಲ್ಲಿದೆ. ನೋಡಲು ಹೋಗುವ ಪ್ರವಾಸಿಗೆ ಮುಖಗವಸು, ದೂರ ನಿಲ್ಲುವ ನಿಯಮ ಇರುವುದೂ ಇದಕ್ಕೇ. ನಮ್ಮ ನೆಗಡಿ ಅವುಗಳ ಕೂಸಿಗೆ ಪ್ರಾಣಾಪಾಯ.

ಕಾಂಟ್ಸ್‌ಬೀಯ ಮಾತು ಬಾಕಿ ಉಳಿದಿದೆ. ಗಂಡೆಂದು ತಿಳಿದಿದ್ದ ತಾಯಿಯ ಎದೆಗೆ ಅಂಟಿಕೊಂಡು ಕಾಣಿಸಿದ ಆ ಕೂಸು ದೊಡ್ಡವನಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಒಂದೇ ಗುಂಪನ್ನು ನಡೆಸಿದ. 2006ರಲ್ಲಿ ಆ ಗುಂಪಿನಲ್ಲಿ 65 ಗೊರಿಲ್ಲಾಗಳಿದ್ದವು. ಅವನು ಕನಿಷ್ಠ 28 ಮರಿಗಳ ತಂದೆ. 2016ರ ಕೊನೆಯಲ್ಲಿ ಒಂದು ದಿನ ಕಾಣೆಯಾದ. ಹುಡುಕಿ ಹುಡುಕಿ, ಸತ್ತನೆಂದೇ ತಿಳಿದರು. 2017ರ ಜನವರಿಯಲ್ಲಿ ತಾನಾಗಿಯೇ ಮರಳಿ ಬಂದ, ಕೆಲವು ವಾರ ಗುಂಪಿನಲ್ಲಿದ್ದ, ಸೊರಗಿದ, ಮತ್ತೆ ಹೊರಟುಹೋದ. ಮೇ ತಿಂಗಳಲ್ಲಿ ಅವನ ದೇಹ ಸಿಕ್ಕಿತು. ವಯಸ್ಸು 38. ಅಷ್ಟು ಹೊತ್ತಿಗೆ ಗುಂಪನ್ನು ಮುನ್ನಡೆಸುತ್ತಿದ್ದವನು ಅವನ ಮಗ ಗಿಚುರಾಸಿ.